ಬೆರಳೊಳಗಿನ ಸುಣ್ಣ

ಮೀನು ಕೊಳ್ಳಲು ಹೋದವರೆಲ್ಲ ಮೀನಿನ ಕಣ್ಣು ನೋಡುತ್ತಾರೆ, ಕಿವಿರು ಎತ್ತಿ ಕೆಂಪಿದೆಯೇ ಎಂದು ಪರೀಕ್ಷಿಸುತ್ತಾರೆ. ನೋಡಿ, ಬೇಡವೆನ್ನುವುದಿಲ್ಲ. ಆದರೆ ನನ್ನ ಮಾತು ಕೇಳುವುದಾದರೆ ಮೊದಲು ಮಾರುವವಳ ಕೈ ನೋಡಿ. ತನ್ನ ಮೀನಿನ ಮೇಲೆ ಭರವಸೆ ಇರುವವಳ ಕೈ ಸುಮ್ಮನಿರುತ್ತದೆ. ಭರವಸೆ ಇಲ್ಲದವಳ ಕೈ ನೀರು ಚಿಮುಕಿಸುತ್ತಿರುತ್ತದೆ, ಮೇಲಿನ ಮೀನನ್ನು ಕೆಳಗೆ ಮಾಡುತ್ತಿರುತ್ತದೆ, ನೊಣ ಇಲ್ಲದಿದ್ದರೂ ನೊಣ ಓಡಿಸುತ್ತಿರುತ್ತದೆ.

ಇದನ್ನು ನನಗೆ ಕಲಿಸಿದವಳು ಅಂಕೋಲೆಯ ಕೇಣಿ ಕಡೆಯ ಒಬ್ಬ ಮೀನುಗಾರ ಹೆಂಗಸು. ಅವಳ ಕೈ ಯಾವಾಗಲೂ ಸುಮ್ಮನಿರುತ್ತಿತ್ತು. ವರ್ಷಗಟ್ಟಲೆ ನಾನು ಆ ಕೈಗಳನ್ನು ಹೊರಗಿನಿಂದ ನೋಡಿದ್ದೇನೆ; ಕೊನೆಕೊನೆಗೆ ಒಳಗಿನಿಂದಲೂ ನೋಡಿದೆ. ಕಳೆದ ಮಳೆಗಾಲ ಹಿಡಿಯುವ ಮುಂಚೆ ಅವಳು ತೀರಿಕೊಂಡಳು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವಳು ಸೇರಿದ್ದ ಔಷಧದ ಅಧ್ಯಯನದಲ್ಲಿ ಯಾರನ್ನೂ ಹೆಸರಿನಿಂದ ಕರೆಯುವುದಿಲ್ಲ, ಅದು ಅಲ್ಲಿಯ ಕ್ರಮ. ನಾನೂ ಅದನ್ನೇ ಪಾಲಿಸುತ್ತೇನೆ.

ನಾನು ಹೆಚ್ಚು ಓದಿದವನಲ್ಲ. ಕಾರವಾರದ ಒಬ್ಬ ಡಾಕ್ಟರರ ಕತ್ತಲೆಕೋಣೆಯಲ್ಲಿ ಎಕ್ಸ್‌ರೇ ಫಿಲ್ಮು ತೊಳೆಯುತ್ತಿದ್ದವನು. ಅವರು ಹೊಸ ಮಶೀನು ತರಿಸಿದಾಗ ಹಳೆಯದನ್ನು ಚೌಕಾಶಿ ಮಾಡಿ ನಾನೇ ಕೊಂಡೆ. ಹಳೆಯ ಮಶೀನು ಕೊಳ್ಳುವವರಿಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ: ಮಾರುವವನು ಚಾ ತರಿಸುವ ಮುಂಚೆಯೇ ಮಶೀನು ಚಾಲೂ ಮಾಡಿಸಿ ನೋಡಿ. ಅವನ ಚಾ ಕುಡಿದ ಮೇಲೆ ದಾಕ್ಷಿಣ್ಯ ಹುಟ್ಟುತ್ತದೆ. ಹಾಗೆ ಕೊಂಡ ಮಶೀನನ್ನು ಅಂಕೋಲೆಯ ಪೇಟೆಯಲ್ಲಿ ಒಂದು ಕೋಣೆ ಹಿಡಿದು ಕೂರಿಸಿ, ಲೈಸೆನ್ಸು ಮಾಡಿಸಿ, ಕಲಿತ ಟೆಕ್ನಿಶಿಯನ್ನರನ್ನು ಇಟ್ಟುಕೊಂಡೆ. ಅದೇ ಬೆಳೆದು ಈಗ ಕಾರವಾರದ ಹಬ್ಬುವಾಡದಲ್ಲಿ ಸಿಟಿ ಸ್ಕ್ಯಾನ್ ಇರುವ ಕೇಂದ್ರವಾಗಿದೆ.

ಅಂಕೋಲೆಯ ಆ ಕೋಣೆಯ ಹೊರಗೋಡೆಗೆ ಬೆನ್ನು ಕೊಟ್ಟು ಕುಳಿತು ಅವಳು ಮೀನು ಮಾರುತ್ತಿದ್ದಳು. ನಾನು ಬಾಗಿಲು ತೆರೆದ ಮೊದಲ ದಿನವೇ ಒಳಗೆ ಬಂದು ನಿಂತಳು.

"ತಮಾ, ನಿನ್ನ ಮಶೀನಿಂದ ನನ್ನ ಮೀನಿಗೆ ಎಂತ ಆಗುದಿಲ್ವಾ?"

"ಏನೂ ಆಗುವುದಿಲ್ಲ. ಗೋಡೆಗೆ ಸೀಸದ ತಗಡು ಹೊಡೆಸಿದ್ದೇನೆ" ಎಂದೆ.

"ಏನೂ ಆಗುದಿಲ್ಲ ಅಂದ್ರೆ ಸೀಸ ಯಾಕೆ ಹೊಡ್ಸ್ದೆ?"

ನಾನು ಸೀಸದ ಲೆಕ್ಕ ಬಿಡಿಸಿ ಹೇಳುವಷ್ಟರಲ್ಲಿ ಅವಳು, ಗಿರಾಕಿಗಳು ಕೇಳಿದರೆ ಏನೂ ಆಗುವುದಿಲ್ಲ ಅಂತಲೇ ಹೇಳುತ್ತೇನೆ, ನೀನು ನಿನ್ನ ನಲ್ಲಿಯಿಂದ ನನಗೆ ದಿನಾ ನೀರು ಕೊಡು ಎಂದಳು. ಕೊಟ್ಟೆ. ಆಮೇಲೂ ಎಷ್ಟೋ ಮಶೀನುಗಳನ್ನು ಚೌಕಾಶಿ ಮಾಡಿ ಕೊಂಡವನು ನಾನು. ನನ್ನನ್ನು ನಿಂತ ನಿಲುವಿನಲ್ಲೇ ಸೋಲಿಸಿದವರು ಬೇರೆ ಯಾರೂ ಇಲ್ಲ.

ಅವಳು ಎಂದೂ ದರವನ್ನು ತಾನೇ ಮೊದಲು ಹೇಳುತ್ತಿರಲಿಲ್ಲ. "ನೀವೇ ಹೇಳಿ, ನಿಮ್ಗೆ ಮೀನು ಗೊತ್ತಿಲ್ವಾ?" ಎಂದುಬಿಡುವಳು. ಮೀನು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಗಂಡಸು ನಮ್ಮ ಕರಾವಳಿಯಲ್ಲಿ ಇನ್ನೂ ಹುಟ್ಟಿಲ್ಲ. ಅವನು ಜಂಬಕ್ಕೆ ಬಿದ್ದು ಹೆಚ್ಚೇ ಹೇಳುತ್ತಿದ್ದ. ಬಂಗಡೆಯನ್ನು ಒತ್ತಿ ಒತ್ತಿ ನೋಡುವ ಹೆಂಗಸರಿಗೆ ಮಾತ್ರ, "ಬಾಯೀ, ನೋಡುದಕ್ಕೆ ದುಡ್ಡಿಲ್ಲ, ಹಿಚುಕುದಕ್ಕೆ ಅದೆ" ಎಂದು ನಗುತ್ತಲೇ ಹೇಳುವಳು. ಎಕ್ಸ್‌ರೇ ತೆಗೆಸಿ ಹೊರಬಂದವರ ಮುಖ ನೋಡಿಯೇ ಎಲುಬು ಮುರಿದಿದೆಯೋ ಇಲ್ಲವೋ ಹೇಳುತ್ತಿದ್ದಳು. ಮುರಿದವರಿಗೆ ಸಣ್ಣ ತಾರ್ಲೆ ಮೀನು ಕಟ್ಟಿಕೊಟ್ಟು, "ಮುಳ್ಳು ಸಮೇತ ತಿನ್ನಿ, ಅದ್ರಲ್ಲೇ ಸುಣ್ಣ ಇರೂದು" ಎನ್ನುವಳು. ಬಾಣಂತಿಯ ಮನೆಗೆ ಎಂದರೆ ನೊಗಲಿ ಮೀನನ್ನು ತೆಗೆದಿಟ್ಟು ದರದ ಮಾತೇ ಆಡುತ್ತಿರಲಿಲ್ಲ.

ಒಂದು ಅಭ್ಯಾಸವನ್ನು ನಾನು ಬಹಳ ಕಾಲ ತಪ್ಪಾಗಿ ತಿಳಿದಿದ್ದೆ. ಬೆಳಿಗ್ಗೆ ಚಾ ಬಂದರೆ ಅವಳು ಕುಡಿಯುತ್ತಿರಲಿಲ್ಲ. ಎರಡೂ ಕೈಗಳಲ್ಲಿ ಗ್ಲಾಸನ್ನು ಬಿಗಿಯಾಗಿ ಹಿಡಿದು ಕುಳಿತಿರುವಳು. ತಣ್ಣಗಾದ ಮೇಲೆ ಒಂದೇ ಗುಟುಕಿಗೆ ಕುಡಿದು ಇಡುವಳು. ಸಮಯ ಕೊಲ್ಲುತ್ತಾಳೆ ಎಂದುಕೊಂಡಿದ್ದೆ. ಒಂದು ದಿನ ಹತ್ತಿರದಿಂದ ನೋಡಿದೆ: ಐಸಿನಲ್ಲಿ ಕೈ ಹಾಕಿ ತೆಗೆದಾಗ ಅವಳ ಬೆರಳುಗಳು ಮೇಣದ ಬತ್ತಿಯಂತೆ ಬೆಳ್ಳಗಾಗಿದ್ದವು. ಸ್ವಲ್ಪ ಹೊತ್ತಿಗೆ ನೀಲಿಯಾದವು. ಚಾದ ಬಿಸಿ ತಾಗಿ ರಕ್ತ ಮರಳಿ ಬರುವಾಗ ಅವಳು ಕೆಳತುಟಿ ಕಚ್ಚಿಕೊಂಡಳು. "ಇದೆಂಥದು?" ಎಂದು ಕೇಳಿದರೆ, "ಬೆರಳು ನಿದ್ದೆ ಹೋಗ್ತವೆ. ಎದ್ದಾಗ ಜಗಳ ಮಾಡ್ತವೆ" ಎಂದಳು.

ಆಮೇಲೆ ಗಂಟುಗಳು ಬಂದವು. ಬೆರಳ ತುದಿಗಳಲ್ಲಿ, ಮೊಣಕೈಯಲ್ಲಿ, ಚರ್ಮದಡಿ ಜೋಳದ ಕಾಳಿನಂಥವು. ಚರ್ಮ ಬಿಗಿದು ಹೊಳೆಯತೊಡಗಿತು. ಬೆರಳು ಪೂರ್ತಿ ಮಡಚಲು ಬರದೆ ಕತ್ತಿ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಮೀನು ಹೆಚ್ಚಿಕೊಡಿ ಎನ್ನುವ ಗಿರಾಕಿಗಳು ಪಕ್ಕದವಳ ಕಡೆ ಸರಿದರು. ಒಮ್ಮೊಮ್ಮೆ ಗಂಟು ತಾನಾಗಿಯೇ ಒಡೆದು ಬಿಳಿಯ ಹಿಟ್ಟಿನಂಥದ್ದು ಹೊರಬರುತ್ತಿತ್ತು. ಮಾರ್ಕೆಟಿನ ಹೆಂಗಸರು ಕಾರಣವನ್ನೂ ಹುಡುಕಿದರು: ಹೊಳೆಯ ಬೆಳಚು ಎಂಬ ಚಿಪ್ಪುಮೀನು ತಿಂದು ತಿಂದು ಚಿಪ್ಪಿನ ಸುಣ್ಣ ಮೈಯೊಳಗೆ ಕೂತಿದೆ ಎಂದು. ಅವಳು ಬೆಳಚು ಬಿಟ್ಟಳು. ಎಲೆಗೆ ಸುಣ್ಣ ಹಚ್ಚುವುದನ್ನೂ ಬಿಟ್ಟಳು.

"ಬೆಳಚು ಬಿಡು ಅಂದ್ರು, ಬಿಟ್ಟೆ. ಸುಣ್ಣ ಬಿಡು ಅಂದ್ರು, ಬಿಟ್ಟೆ. ಇನ್ನು ಗಂಡನ್ನ ಬಿಡು ಅಂತಾರೆ ಕಾಣ್ತದೆ. ಬಿಡ್ಬಹುದು ಮಾರಾಯಾ, ಗುಣ ಆಗ್ತದೆ ಅಂತ ಯಾರಾದ್ರೂ ಬರ್ದು ಕೊಟ್ರೆ."

ಅವಳನ್ನು ಕರೆದೊಯ್ದು ನನ್ನ ಮಶೀನಿನಲ್ಲೇ ಕೈಯ ಚಿತ್ರ ತೆಗೆಸಿದೆ. ಎಲುಬುಗಳ ಸುತ್ತ ಯಾರೋ ಉಪ್ಪಿನ ಹರಳು ಎರಚಿದಂತಿತ್ತು. ಕಾರವಾರದ ಚರ್ಮದ ಡಾಕ್ಟರರು ನೋಡಿ, ಇದು ಚರ್ಮ ಬಿಗಿಯುವ ಒಂದು ಕಾಯಿಲೆ, ಎಲುಬಿಗೆ ಸೇರಬೇಕಾದ ಸುಣ್ಣ ಜಾಗ ತಪ್ಪಿ ಚರ್ಮದಡಿ ಕೂಡುತ್ತದೆ, ತಿನ್ನುವ ಬೆಳಚಿಗೂ ಇದಕ್ಕೂ ಸಂಬಂಧವಿಲ್ಲ ಎಂದರು. ಅವಳು ಆ ಸಂಜೆಯೇ ಒಂದು ಬುಟ್ಟಿ ಬೆಳಚು ಕೊಂಡು ಮನೆಗೆ ಹೋದಳು. ಐಸು ಮುಟ್ಟಬಾರದು ಎಂಬ ಇನ್ನೊಂದು ಮಾತನ್ನು ಮಾತ್ರ ಕೇಳಿಯೂ ಕೇಳದ ಹಾಗೆ ಇದ್ದಳು. ಐಸು ಮುಟ್ಟದೆ ಮೀನು ಮಾರುವ ದಾರಿ ಯಾವುದೆಂದು ಆ ಡಾಕ್ಟರರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಘಟ್ಟದ ಮೇಲಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಒಬ್ಬ ತರುಣ ವೈದ್ಯೆ ಇದೇ ಕಾಯಿಲೆಗೆ ಹೊಸ ಔಷಧವೊಂದರ ಅಧ್ಯಯನ ಶುರು ಮಾಡಿದ್ದರು. ಔಷಧ ಪುಕ್ಕಟೆ. ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಅಳೆಯುವುದೇ ಕಷ್ಟವಾಗಿತ್ತು. ಒಂದೇ ಚಿತ್ರ ನೋಡಿ ಒಬ್ಬ ಡಾಕ್ಟರು ಸುಣ್ಣ ಕರಗಿದೆ ಎಂದರೆ ಇನ್ನೊಬ್ಬರು ಹಾಗೇ ಇದೆ ಎನ್ನುತ್ತಿದ್ದರಂತೆ. ಅದಕ್ಕೆ ಅವರು ಕೃತಕ ಬುದ್ಧಿಮತ್ತೆಯ ಒಂದು ವ್ಯವಸ್ಥೆ ಮಾಡಿದ್ದರು. ನಾವು ಕೈಗಳ ಸಿಟಿ ಸ್ಕ್ಯಾನ್ ಮಾಡಿ ಕಳಿಸಿದರೆ ಕಂಪ್ಯೂಟರು ಎಲುಬನ್ನು ಬಿಟ್ಟು, ಚರ್ಮ ಮಾಂಸ ಎಲ್ಲವನ್ನೂ ಬಿಟ್ಟು, ಸುಣ್ಣದ ಒಂದೊಂದು ಹರಳನ್ನೂ ಹುಡುಕಿ ಕೆಂಪು ಬಣ್ಣ ಬಳಿಯುತ್ತದೆ. ಎಲ್ಲ ಸೇರಿ ಇಷ್ಟು ಎಂದು ಕೊನೆಗೆ ಒಂದು ಸಂಖ್ಯೆ ಕೊಡುತ್ತದೆ. ನನಗೆ ಇದು ಬಹಳ ಹಿಡಿಸಿತು. ತಕ್ಕಡಿ ಬಂದ ಮೇಲೆ ಕಣ್ಣಂದಾಜಿನ ಜಗಳ ಮುಗಿದ ಹಾಗೆ. ವೈದ್ಯೆಗೆ ಫೋನು ಮಾಡಿ, ಈ ಕಡೆಯ ರೋಗಿಗಳ ಸ್ಕ್ಯಾನು ನನ್ನ ಕೇಂದ್ರದಲ್ಲೇ ಆಗಲಿ ಎಂದು ಮಾತಾಡಿ ಒಪ್ಪಿಸಿದೆ. ಅವಳನ್ನೂ ಅಧ್ಯಯನಕ್ಕೆ ಸೇರಿಸಿದೆ.

ವೈದ್ಯೆ ಒಮ್ಮೆ ಕಾರವಾರಕ್ಕೇ ಬಂದು ಅವಳಿಗೆ ಎಲ್ಲ ತಿಳಿಸಿ ಹೇಳಿದರು. ಕಂಪ್ಯೂಟರಿಗೆ ಸಾವಿರಾರು ಕೈಗಳನ್ನು ತೋರಿಸಿ ಕಲಿಸಿದ್ದೇವೆ ಎಂದರು.

"ಸಾವಿರ ಕೈ ನೋಡ್ಲಿ ಅಮ್ಮಾ. ಒಂದ್ ಕೈಯಾದ್ರೂ ಹಿಡ್ದು ನೋಡಿದ್ಯಾ ಅದು?" ಎಂದು ಅವಳು ಕೇಳಿದಳು.

ವೈದ್ಯೆ ನಕ್ಕು ಅವಳ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು. ಗಂಟುಗಳನ್ನು ಚುಚ್ಚಬಾರದು, ಹಿಚುಕಬಾರದು, ಈ ಔಷಧ ತೆಗೆದುಕೊಳ್ಳುವಾಗ ಸಣ್ಣ ಗಾಯ ನಂಜಾದರೂ ಬೇಗ ಏರುತ್ತದೆ ಎಂದು ಎರಡೆರಡು ಸಲ ಹೇಳಿದರು. ನಿಯಮವನ್ನೂ ತಿಳಿಸಿದರು: ಆರು ತಿಂಗಳ ಮೇಲೆ ಮತ್ತೆ ಸ್ಕ್ಯಾನು. ಸಂಖ್ಯೆ ಮೊದಲಿನದಕ್ಕಿಂತ ಇಳಿದಿದ್ದರೆ ಔಷಧ ಮುಂದುವರಿಯುತ್ತದೆ. ಅಷ್ಟೇ ಇದ್ದರೆ ಅಥವಾ ಏರಿದ್ದರೆ ನಿಲ್ಲಿಸುತ್ತಾರೆ. ಮೊದಲ ಸ್ಕ್ಯಾನಿನಲ್ಲಿ ಅವಳ ಸಂಖ್ಯೆ ಇಪ್ಪತ್ತು ಬಂತು. ಯಾವ ಅಳತೆ ಎಂಬುದು ಬೇಡ, ಇಪ್ಪತ್ತು ಎಂದು ನೆನಪಿಟ್ಟುಕೊಂಡರೆ ಸಾಕು.

ಔಷಧ ಶುರುವಾಗಿ ಮೂರನೆಯ ತಿಂಗಳಿಗೆ ಅವಳು ಕತ್ತಿ ಹಿಡಿದಳು. ನಾನು ಆ ದಿನ ಅಂಕೋಲೆಯಲ್ಲೇ ಇದ್ದೆ. ಒಂದು ದೊಡ್ಡ ಇಸವಣ ಮೀನಿನ ಹೊಟ್ಟೆ ಸೀಳಿ, ಹೋಳು ಮಾಡಿ, ಎಲ್ಲ ಹೋಳೂ ಒಂದೇ ದಪ್ಪ ಇರುವಂತೆ ಸಾಲಾಗಿ ಇಟ್ಟಳು. ಪಕ್ಕದವಳು, "ಏನೇ, ಮದುವೆ ಹೆಣ್ಣಿನ ಹಾಂಗೆ ಬೆರಳು ಆಡಿಸ್ತೆ?" ಎಂದು ಛೇಡಿಸಿದಳು. "ಹೌದೇ, ನಿನ್ನ ಗಿರಾಕಿಗಳಿಗೆ ಹೇಳು, ಮದುಮಗಳು ವಾಪಸ್ ಬಂದದೆ ಅಂತ" ಎಂದು ಇವಳು ತಿರುಗಿಸಿದಳು. ಗಿರಾಕಿಗಳು ಬಂದರು ಕೂಡ.

ಎರಡನೆಯ ಸ್ಕ್ಯಾನಿನ ದಿನ ಹತ್ತಿರ ಬಂದಂತೆ ಅವಳ ಮಾತು ಕಡಿಮೆಯಾಯಿತು. ಒಮ್ಮೆ ಕೆಲಸದ ಮೇಲೆ ಅವಳನ್ನು ನನ್ನ ಕಾರಿನಲ್ಲಿ ಕಾರವಾರಕ್ಕೆ ಕರೆತರುತ್ತಿದ್ದೆ. ಅವರ್ಸಾ ದಾಟಿದ ಮೇಲೆ ಒಮ್ಮೆಲೇ ಕೈ ಮುಂದೆ ಚಾಚಿದಳು.

"ಮುಟ್ಟಿ ನೋಡು ತಮಾ. ಗಂಟು ಹಾಂಗೇ ಅದೆ ಅಲ್ದಾ?"

ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಮುಟ್ಟಿ ನೋಡಿದೆ. ಬೆರಳಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

"ನೋವು ಕಮ್ಮಿಯಾಗಿದೆ ಅಲ್ಲವೇ?" ಎಂದೆ.

"ನೋವು ಎಲ್ಲಿ ಅದೆ ಈಗ? ನಂಗೆ ಗುಣ ಆದದ್ದು ನಂಗೆ ಗೊತ್ತು. ಮಶೀನಿಗೆ ಗೊತ್ತಾಗ್ಬೇಕಲ. ಅದು ನೋವು ಕೇಳುದಿಲ್ಲ, ಗಂಟು ಎಣಿಸ್ತದೆ."

ನನ್ನಲ್ಲಿ ಸಲಹೆಗೆ ಎಂದೂ ಬರಗಾಲವಿಲ್ಲ. ಚಿಂತೆ ಮಾಡಬೇಡ, ಚಿಂತೆಯಿಂದ ಸಂಖ್ಯೆ ಇಳಿಯುವುದಿಲ್ಲ, ರಾತ್ರಿ ಬೇಗ ಮಲಗು ಎಂದೆಲ್ಲ ಅಮದಳ್ಳಿ ಬರುವ ತನಕ ಹೇಳಿದೆ. ಅವಳು ಕಿಟಕಿಯ ಹೊರಗೆ ಸಮುದ್ರ ಕಾಣುವ ಕಡೆ ನೋಡುತ್ತ, "ಈ ಔಷಧ ನಿಂತ್ರೆ ನಾ ಮತ್ತೆ ಬುಟ್ಟಿ ಹಿಂದೆ ಕೂತು ನೊಣ ಹೊಡಿಬೇಕು" ಎಂದಳು. ಅಷ್ಟೇ.

ಸ್ಕ್ಯಾನಿನ ದಿನ ಅವಳ ಬೆರಳ ತುದಿಗಳಿಗೆಲ್ಲ ಅರಿಶಿನ ಮೆತ್ತಿತ್ತು. ನನ್ನ ಟೆಕ್ನಿಶಿಯನ್ ಹುಡುಗಿ ಇದೇನು ಎಂದು ಕೇಳಿದಳು. "ಮೀನಿನ ಮುಳ್ಳು ಚುಚ್ಚಿತು ಮಾರಾಯ್ತಿ, ನಮ್ಗೆ ದಿನಾ ಇದ್ದದ್ದೇ" ಎಂದಳು. ಮೀನು ಮಾರುವವರ ಕೈಯಲ್ಲಿ ಅರಿಶಿನ ಕಂಡರೆ ನಮ್ಮಲ್ಲಿ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಕಂಪ್ಯೂಟರಂತೂ ಚರ್ಮವನ್ನು ನೋಡುವುದೇ ಇಲ್ಲ. ಅದನ್ನು ಬಿಟ್ಟು ನೋಡು ಎಂದೇ ಅದಕ್ಕೆ ಕಲಿಸಿದ್ದು. ಸಂಖ್ಯೆ ಎಂಟು ಬಂತು.

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ವೈದ್ಯೆ ಫೋನಿನಲ್ಲಿ, ಇಷ್ಟು ಇಳಿದದ್ದು ಯಾರಲ್ಲೂ ನೋಡಿಲ್ಲ ಎಂದರು; ದನಿಯಲ್ಲಿ ಸಂತೋಷ ಒಡೆದು ಕಾಣುತ್ತಿತ್ತು. ಅವಳಿಗೆ ಹೇಳಿದರೆ ಅವಳು ನಗಲಿಲ್ಲ. "ಹಾಂಗಾರೆ ಔಷಧ ನಿಲ್ಸುದಿಲ್ವಲ?" ಎಂದು ಕೇಳಿದಳು. ಇಲ್ಲ ಎಂದೆ. ಇನ್ನೊಮ್ಮೆ ಕೇಳಿದಳು. ಇಲ್ಲ ಎಂದೆ. ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು. ಮರುದಿನ ನನಗೆ ಒಂದು ಚೀಲ ಬಂಗಡೆ ಕಳಿಸಿದಳು, ದರದ ಮಾತಿಲ್ಲದೆ.

ಅದೇ ವಾರ ಅವಳಿಗೆ ಜ್ವರ ಬಂತು. ಅವಳು ಮಾತ್ರೆ ನುಂಗಿ ಮಾರ್ಕೆಟಿನಲ್ಲಿ ಕುಳಿತಳು. ಬಲಗೈ ಮೊಣಕೈಯವರೆಗೆ ಊದಿದ ಮೇಲೆ ಮನೆಯವರು ಕಾರವಾರದ ಆಸ್ಪತ್ರೆಗೆ ತಂದರು. ನಂಜು ರಕ್ತಕ್ಕೆ ಇಳಿದಿತ್ತು. ನಾನು ನೋಡಲು ಹೋದಾಗ ಎರಡೂ ಕೈಗೆ ಬಟ್ಟೆ ಸುತ್ತಿತ್ತು. ನನ್ನನ್ನು ಗುರುತಿಸಿ, ಏನೋ ಹೇಳಲು ನೋಡಿ, ಸುತ್ತ ನಿಂತ ನರ್ಸುಗಳನ್ನು ಕಂಡು ಕೈಗಳನ್ನು ಹೊದಿಕೆಯೊಳಗೆ ಎಳೆದುಕೊಂಡಳು. ಮತ್ತೆ ಅವಳ ಮಾತು ಕೇಳಲಿಲ್ಲ. ಡಾಕ್ಟರುಗಳು ಕೈಲಾದದ್ದೆಲ್ಲ ಮಾಡಿದರೂ ಅವಳು ಉಳಿಯಲಿಲ್ಲ.

ದಿನಕರ್ಮ ಮುಗಿದ ಮೇಲೆ ಅವಳ ಮಗಳು ಹಬ್ಬುವಾಡಕ್ಕೆ ಬಂದಳು. ಶಿರವಾಡಕ್ಕೆ ಕೊಟ್ಟ ಹುಡುಗಿ, ಬಟ್ಟೆ ಹೊಲಿಯುತ್ತಾಳೆ, ಮಾತು ಕಡಿಮೆ. ಸೆರಗಿನಿಂದ ಕುಂಕುಮದ ಒಂದು ಹಳೆಯ ಸ್ಟೀಲ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಬಿಳಿಯ ಹರಳುಗಳು, ಒಂದಿಷ್ಟು ಪುಡಿ.

"ಆಯಿ ತನ್ನ ಬೆರಳಿಂದ ತೆಗ್ದದ್ದು ಅಣ್ಣಾ."

ಎರಡನೆಯ ಸ್ಕ್ಯಾನಿಗೆ ಮುಂಚೆ ಎರಡು ಮೂರು ದಿನ ತಾಯಿ ಬಿಸಿ ಉಪ್ಪುನೀರಿನಲ್ಲಿ ಕೈ ನೆನೆಸಿ, ಸೇಫ್ಟಿ ಪಿನ್ನಿನಿಂದ ಒಂದೊಂದೇ ಗಂಟನ್ನು ಬಿಡಿಸಿ ಹಿಚುಕಿ ತೆಗೆದಿದ್ದಳು. ಕೈಯಲ್ಲಿ ಮುರಿದು ಉಳಿದ ಮೀನಿನ ಮುಳ್ಳನ್ನು ಜೀವಮಾನವೆಲ್ಲ ತೆಗೆದುಕೊಂಡದ್ದೇ ಹಾಗೆ. ಮಗಳು ಬೇಡ ಎಂದಳಂತೆ. ಅದಕ್ಕೆ ಅವಳು, "ಮೀನನ್ನ ಹೊಟ್ಟೆ ತೊಳ್ದು ತೋರ್ಸ್ತೇವೆ, ಕೈಯನ್ನ ಹಾಂಗೇ ತೋರ್ಸುದಾ? ಔಷಧ ಗಟ್ಟಿಯಾಗ್ಲಿ. ಆಮೇಲೆ ಈ ಡಬ್ಬಿ ಹಿಡ್ಕಂಡು ನಾನೇ ಡಾಕ್ಟ್ರಮ್ಮನ ಹತ್ರ ಹೋಗಿ ಬೈಸ್ಕಂತೆ" ಎಂದಳಂತೆ.

ವೈದ್ಯೆಗೆ ಫೋನು ಮಾಡಿ ಹೇಳಿದೆ. ಅರಿಶಿನದ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡು, "ಅವರ ಕೈಯ ಒಂದು ಫೋಟೋ ತರಿಸಿಕೊಂಡಿದ್ದರೆ ಸಾಕಿತ್ತು" ಎಂದರು. ಈಗ ಅವರ ಅಧ್ಯಯನದಲ್ಲಿ ಸ್ಕ್ಯಾನಿನ ಜೊತೆ ಕೈಯ ಚರ್ಮದ ಫೋಟೋ ಕಳಿಸಲೇಬೇಕು. ಸ್ಕ್ಯಾನ್ ಕೇಂದ್ರ ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ನನ್ನದೊಂದು ಮಾತು: ಕಂಪ್ಯೂಟರು ಕೊಟ್ಟ ಸಂಖ್ಯೆ ನೋಡುವ ಮುಂಚೆ ಒಮ್ಮೆ ಎದ್ದು ಹೋಗಿ ಆ ಮನುಷ್ಯರನ್ನು ನೋಡಿ ಬನ್ನಿ.

ಡಬ್ಬಿಯಲ್ಲಿದ್ದುದನ್ನು ಅಳೆಯಬಹುದೇ ಎಂದು ವೈದ್ಯೆಯೇ ಕೇಳಿದರು. ಅಳೆಯಬೇಕೆಂದು ನನಗೂ ಅನಿಸಿತ್ತು. ಯಾಕೆಂದು ಆ ಹೊತ್ತಿಗೆ ಯೋಚಿಸಲಿಲ್ಲ. ವ್ಯಾಪಾರಿಯ ಬುದ್ಧಿ, ಮುಂದೆ ಬಂದದ್ದನ್ನು ತೂಗಿ ನೋಡುತ್ತದೆ. ಥರ್ಮಾಕೋಲಿನ ತುಂಡಿನ ಮೇಲೆ ಹರಳುಗಳನ್ನೂ ಪುಡಿಯನ್ನೂ ಹರಡಿ, ಮಶೀನಿನ ಮೇಜಿನ ಮೇಲೆ ಇಟ್ಟು ಸ್ಕ್ಯಾನು ಮಾಡಿಸಿದೆ. ಮಗಳು ನನ್ನ ಕುರ್ಚಿಯ ಹಿಂದೆ ನಿಂತಿದ್ದಳು. ಘಟ್ಟದ ಮೇಲಿನ ಆಸ್ಪತ್ರೆಗೆ ಕಳಿಸಿದ ಸ್ವಲ್ಪ ಹೊತ್ತಿಗೆ ಲೆಕ್ಕ ತಿರುಗಿ ಬಂತು. ಪರದೆಯ ಮೇಲೆ ಕೈ ಇಲ್ಲ, ಎಲುಬಿಲ್ಲ, ಬರೀ ಕೆಂಪು ಚುಕ್ಕೆಗಳು. ಕೆಳಗೆ ಏಳು ಎಂದಿತ್ತು.

"ಆಯಿಗೆ ಮೊದ್ಲು ಇಪ್ಪತ್ತು ಇತ್ತಲ?" ಎಂದಳು.

"ಹೌದು."

"ಆಮೇಲೆ ಎಂಟು."

"ಹೌದು."

"ಎಂಟೂ ಏಳೂ ಹದಿನೈದು."

ಅವಳು ಎಲ್ಲಿಗೆ ಹೋಗುತ್ತಿದ್ದಾಳೆ ಎಂದು ನನಗೆ ಆಗ ಹೊಳೆಯಿತು. "ಅಲ್ಲ ತಂಗಿ, ತೊಳೆದ ನೀರಿನಲ್ಲಿ ಹೋದದ್ದು ಇರುತ್ತದೆ. ಎಲ್ಲ ಡಬ್ಬಿಗೆ ಬಂದಿರುವುದಿಲ್ಲ. ಅದಕ್ಕೆ ಎರಡು ಸೇರಿಸು" ಎಂದೆ.

"ಹದಿನೇಳು."

"ಬಟ್ಟೆಗೆ ಒರೆಸಿದ್ದು, ಕೀವಿನಲ್ಲಿ ಹೋದದ್ದು. ಇನ್ನೊಂದು ಸೇರಿಸು."

"ಹದಿನೆಂಟು."

ಇಪ್ಪತ್ತು ಮುಟ್ಟಿದರೆ ಔಷಧ ಏನನ್ನೂ ಕರಗಿಸಿರಲಿಲ್ಲ, ಅವಳು ಗಂಟು ಬಿಡಿಸಿದ್ದಕ್ಕೆ ಅರ್ಥವಿತ್ತು ಎಂದಾಗುತ್ತಿತ್ತು. ಜೀವಮಾನವೆಲ್ಲ ಚೌಕಾಶಿಯಲ್ಲಿ ಸಂಖ್ಯೆ ಇಳಿಸಲು ಮಾತಾಡಿದವನು, ಇದೊಂದನ್ನು ಹೇಗಾದರೂ ಮಾಡಿ ಇಪ್ಪತ್ತಕ್ಕೆ ಏರಿಸಬೇಕೆಂದು ಒದ್ದಾಡುತ್ತಿದ್ದೆ. ಏರಿಸಲು ನನ್ನ ಬಳಿ ಇನ್ನೇನೂ ಇರಲಿಲ್ಲ.

"ಇಪ್ಪತ್ತು ಆಗುದಿಲ್ಲ ಅಣ್ಣಾ" ಎಂದಳು ಅವಳು, ನನ್ನನ್ನೇ ಸಮಾಧಾನ ಮಾಡುವವಳ ಹಾಗೆ. "ಆಯಿ ಸುಮ್ನೆ ಕೂತಿದ್ರೂ ಔಷಧ ಕೊಡ್ತಿದ್ರು ಅಲ್ದಾ?"

"ಕೊಡುತ್ತಿದ್ದರು."

ಅವಳು ಹೋಗಿ ಹರಳುಗಳನ್ನೆಲ್ಲ ಮತ್ತೆ ಡಬ್ಬಿಗೆ ತುಂಬಿದಳು. ಮಶೀನಿನ ಕರಿಯ ಮೇಜಿನ ಮೇಲೆ ಒಂದಿಷ್ಟು ಬಿಳಿ ಧೂಳು ಉದುರಿತ್ತು. ಮುಂದಿನ ರೋಗಿ ಹೊರಗೆ ಕಾಯುತ್ತಿದ್ದರು. ಟೆಕ್ನಿಶಿಯನ್ ಹುಡುಗಿ ಅಭ್ಯಾಸದಂತೆ ಒದ್ದೆ ಬಟ್ಟೆ ತಂದಳು. "ಒರೆಸ್ಬೇಡ, ನಿಲ್ಲು" ಎಂದಳು ಮಗಳು. ತೋರುಬೆರಳನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡು, ಬಗ್ಗಿ, ಧೂಳನ್ನು ಬೆರಳ ತುದಿಗೆ ಅಂಟಿಸಿ ಅಂಟಿಸಿ ಡಬ್ಬಿಯ ಅಂಚಿಗೆ ಒರೆಸತೊಡಗಿದಳು. ಮೇಜು ಪೂರ್ತಿ ಕಪ್ಪಾಗುವವರೆಗೆ ನಾನೂ ಟೆಕ್ನಿಶಿಯನ್ ಹುಡುಗಿಯೂ ಕೈಕಟ್ಟಿ ನಿಂತಿದ್ದೆವು.